ತಾರ ಷಡ್ಜಕ್ಕೆ ಕಾಯುವ ಕಿವಿ

ಹಿಂದೂಸ್ತಾನಿ ಸಂಗೀತದ ವಿಲಂಬಿತ (ನಿಧಾನಗತಿಯ) ಖಯಾಲಿನ ಹತ್ತನೇ ನಿಮಿಷಕ್ಕೆ ಆಕಳಿಸುವವರು ಬಹಳ ಜನ. ಏನೂ ಆಗುತ್ತಿಲ್ಲ ಅನ್ನುವುದು ಅವರ ದೂರು. ಬಢತ್, ಅಂದರೆ ರಾಗವನ್ನು ಸ್ವರಸ್ವರವಾಗಿ ಬೆಳೆಸುವುದು, ಅದೇ: ಆಗಬೇಕಾದದ್ದನ್ನು ಆದಷ್ಟು ತಡೆದು ಇಡುವುದು.

ಕಿರಾನಾ ಘರಾಣೆಯ (ಒಂದು ಗಾಯನ ಪರಂಪರೆ) ರೀತಿಯ ಯಮನ್ ರಾಗ ಹಚ್ಚಿಕೊಳ್ಳಿ. ಮಂದ್ರ (ಕೆಳ ಸ್ಥಾಯಿಯ) ನಿಷಾದದಿಂದ ಎದ್ದು 'ನಿ ರೇ ಗ' ಎನ್ನುತ್ತ ದನಿ ಗಾಂಧಾರದ ಮೇಲೆ ನಿಲ್ಲುತ್ತದೆ. ಆ ನಿಲುಗಡೆ ಅಷ್ಟು ಹಿತವೆನಿಸಲು ತಂಬೂರಿಯೂ ಕಾರಣ. ಖರಜದ (ಕೆಳ ಷಡ್ಜದ) ತಂತಿಯ ನಾದದೊಳಗೆ ಅಡಗಿರುವ ಉಪಸ್ವರಗಳ ಸಾಲಿನಲ್ಲಿ ಐದನೇ ಅಂಶ ಶುದ್ಧ ಗಾಂಧಾರವೇ. ಜವಾರಿಯ ದಾರ (ತಂತಿಗೂ ಕುದುರೆಗೂ ನಡುವೆ ಇಡುವ ನೂಲು) ಸರಿಯಾಗಿ ಕೂತಿದ್ದರೆ ಯಾರೂ ಹಾಡದಿದ್ದಾಗಲೂ ಅದು ಕೇಳಿಸುತ್ತದೆ. ಫೋನಿನ ಸ್ಪೀಕರಿನಲ್ಲಿ ಖರಜ ಸೊರಗಿ ತಂಬೂರಿ ಬರೀ ಗುಂಯ್‌ಗುಡುತ್ತದೆ, ಹೆಡ್‌ಫೋನ್ ಹಾಕಿಕೊಳ್ಳಿ.

ಮುಂದೆ ತೀವ್ರ ಮಧ್ಯಮ ಸೋಕುತ್ತದೆ, ಪಂಚಮ ಬಂತು ಅನ್ನುವಷ್ಟರಲ್ಲಿ ದನಿ ಮತ್ತೆ ಗಾಂಧಾರಕ್ಕೆ ಇಳಿಯುತ್ತದೆ. ತಂಬೂರಿಯಲ್ಲಿ ಪಂಚಮ ಮೊದಲಿನಿಂದಲೂ ನುಡಿಯುತ್ತಲೇ ಇದೆ, ಹಾಡುವವರ ಗಂಟಲಿಗೆ ಮಾತ್ರ ಬಂದಿಲ್ಲ. ಮೇಲಿನ ನಿಷಾದದಲ್ಲಿ ಇದೇ ಆಟ ಇನ್ನೂ ಬಿಗಿ: ತಾರ ಷಡ್ಜ (ಮೇಲಿನ ಸ್ಥಾಯಿಯ 'ಸ') ಅರ್ಧ ಸ್ವರದಷ್ಟೇ ದೂರ. ತಾಳದ ಒಂದಿಡೀ ಆವರ್ತನ (ಸುತ್ತು) ಅಲ್ಲೇ ತೂಗಿದರೆ ಕೇಳುವವರ ಉಸಿರೂ ಸಿಕ್ಕಿಕೊಂಡಿರುತ್ತದೆ. ಷಡ್ಜ ಹತ್ತಿದ ಕೂಡಲೇ ಹೊರಬೀಳುವ 'ಆಹಾ' ಹೊಗಳಿಕೆಗಿಂತ ಹೆಚ್ಚಾಗಿ ಆ ಉಸಿರೇ.

ಅತಿ ನಿಧಾನದ ಏಕತಾಲದಲ್ಲಿ 12 ಮಾತ್ರೆಯ (ಎಣಿಕೆಯ) ಒಂದು ಸುತ್ತಿಗೆ ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಹಿಡಿಯುತ್ತದೆ. ಬೆರಳು ಮಡಚಿ ಎಣಿಸುತ್ತ ಕೂತರೆ ರಾಗ ತಪ್ಪಿಹೋಗುತ್ತದೆ. ತಬಲಾದ 'ತಿರಕಿಟ' ಎಂಬ ಬೋಲಿಗೆ ಕಿವಿ ಕೊಟ್ಟರೆ ಸಾಕು. ಅದು 4ನೇ ಮತ್ತು 10ನೇ ಮಾತ್ರೆಯಲ್ಲಿ ಬರುತ್ತದೆ. ಅದಾದ ಮೇಲೆ 'ತೂ ನಾ' ಬಂದರೆ ಸಮ (ಸುತ್ತಿನ ಮೊದಲ ಮಾತ್ರೆ) ಇನ್ನೂ ದೂರ. 'ಧಿನ್ ನಾ' ಬಂದರೆ ಮುಂದಿನ ಪೆಟ್ಟೇ ಸಮ. ಹಾಡುವವರು ಬಂದಿಶಿನ (ಹಾಡಿನ ರಚನೆಯ) ಮುಖಡಾ, ಅಂದರೆ ಮೊದಲ ಸಾಲಿನ ಎತ್ತುಗಡೆ, ಎತ್ತಿಕೊಳ್ಳುವುದೂ ಹೆಚ್ಚುಕಡಿಮೆ ಅಲ್ಲೇ.

ಇಷ್ಟು ಹಿಡಿತಕ್ಕೆ ಬಂದಮೇಲೆ ಪೂರಿಯಾ, ಮಾರವಾ ರಾಗಗಳನ್ನು ಒಂದರ ಹಿಂದೆ ಒಂದು ಕೇಳಿ. ಎರಡಕ್ಕೂ ಅವೇ ಸ್ವರ: ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮ ವರ್ಜ್ಯ. ಪೂರಿಯಾದ ಭಾರ ಗಾಂಧಾರ-ನಿಷಾದಗಳ ಮೇಲೆ, ಮಾರವಾದ್ದು ರಿಷಭ-ಧೈವತಗಳ ಮೇಲೆ. ಮಾರವಾದಲ್ಲಿ ಷಡ್ಜವನ್ನೇ ದಾಟಿದಾಟಿ ಹೋಗುತ್ತಾರೆ, ಹಾಗಾಗಿ ಮನಸ್ಸಿಗೆ ಕೂರಲು ಜಾಗವೇ ಸಿಗುವುದಿಲ್ಲ. ಸಂಜೆಯ ಈ ಚಡಪಡಿಕೆ ರಾಗ ಬೇಕೆಂದೇ ಹುಟ್ಟಿಸುವಂಥದ್ದು, ಅರ್ಧಕ್ಕೇ ನಿಲ್ಲಿಸಿಬಿಡಬೇಡಿ. ಬಹಳ ಹೊತ್ತಿಗೆ ಷಡ್ಜ ಒಮ್ಮೆ ನಿಜವಾಗಿ ತಂಗಿದಾಗ, ಅಷ್ಟೂ ಹೊತ್ತು ಹೆಗಲು ಬಿಗಿ ಹಿಡಿದು ಕೂತಿದ್ದು ಆಗ ಗೊತ್ತಾಗುತ್ತದೆ.