ಅಮ್ಮನ ದನಿಯ ದೆವ್ವ
ಅಕ್ಕನ ಮಗಳಿಗೆ 11 ವರ್ಷ. ದೆವ್ವದ ಸಿನಿಮಾ ನೋಡಲೇಬೇಕು ಅಂತ ಒಂದೇ ಹಟ. ಸೆನ್ಸಾರ್ ಸರ್ಟಿಫಿಕೇಟ್ ನೋಡಿದೆ, ಯುಎ 13+, ಅಂದರೆ 13 ತುಂಬದ ಮಕ್ಕಳು ನೋಡಬಹುದೋ ಬೇಡವೋ ಅಂತ ದೊಡ್ಡವರು ಯೋಚಿಸಬೇಕು. ಸಿನಿಮಾ ಕಾಯ್ದೆಗೆ 2023ರ ತಿದ್ದುಪಡಿ ಬಂದಮೇಲೆ ಬರೀ ಯು/ಎ ಅಂತ ಇದ್ದದ್ದು 7+, 13+, 16+ ಅಂತ ಮೂರಾಗಿದೆ, ಒಳ್ಳೆಯದೇ ಆಯಿತು. ಆದರೆ ಅದು ಅಪ್ಪ ಅಮ್ಮಂದಿರಿಗೆ ಸೂಚನೆ ಅಷ್ಟೇ, ತೀರ್ಮಾನ ನಮ್ಮದೇ. ಅದಕ್ಕೇ ನಿನ್ನೆ ರಾತ್ರಿ ನಾನೊಬ್ಬಳೇ ಕೂತು ಪೂರ್ತಿ ನೋಡಿದೆ. ರಕ್ತ ಕಮ್ಮಿ, ದೆವ್ವವೂ ಎರಡೇ ಸಲ ಬರುತ್ತದೆ, ಆದರೆ ಕತ್ತಲ ಕೋಣೆಯೊಳಗಿಂದ ಅಮ್ಮನ ದನಿಯಲ್ಲೇ ಬೇರೆ ಯಾರೋ ಮಗುವನ್ನು ಕರೆಯುವ ದೃಶ್ಯ ಒಂದಿದೆ ನೋಡಿ, ಅದು ಅಷ್ಟು ಸುಲಭಕ್ಕೆ ಮನಸ್ಸಿನಿಂದ ಹೋಗುವುದಿಲ್ಲ. ರಕ್ತಕ್ಕಿಂತ ಇಂಥದ್ದೇ ಜಾಸ್ತಿ ಕಾಡುವುದು, ಅಲ್ವಾ? ಇವಳೋ ಈಗಲೂ ರಾತ್ರಿ ಬಚ್ಚಲಿಗೆ ಅಮ್ಮನನ್ನು ಎಬ್ಬಿಸಿಕೊಂಡು ಹೋಗುವವಳು. ಈಗ ಬೇಡ ಪುಟ್ಟಿ, ಇನ್ನೆರಡು ವರ್ಷ ಆಗಲಿ, ಜೊತೇಲೇ ನೋಡೋಣ ಅಂದೆ. ಮುಖ ಊದಿಸಿಕೊಂಡು ಕೂತಿದ್ದಾಳೆ.