ಪಾಟ್ಸ್‌ವಿಲ್ 1925 ರಿಪ್ಲೇ: ಹತ್ತು ಮ್ಯಾಚ್ ಮುಗೀತು, ಎರಡು ಬಾಕಿ

ಸುಮಾರು ದಿನ ಆಯ್ತು ಅಪ್‌ಡೇಟ್ ಹಾಕಿ. ಹೊಸಬರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ, 1925ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಊರು ಪಾಟ್ಸ್‌ವಿಲ್‌ನಿಂದ ಮರೂನ್ಸ್ ಅಂತ ಒಂದು ಟೀಮ್ ಮೊದಲನೇ ಸಲ ಎನ್‌ಎಫ್‌ಎಲ್‌ಗೆ, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ಗೆ ಬಂತು, ಹನ್ನೆರಡು ಮ್ಯಾಚ್ ಆಡಿ ಹತ್ತು ಗೆದ್ದು ಎರಡು ಸೋತು, ಆದ್ರೂ ಚಾಂಪಿಯನ್ ಪಟ್ಟ ಸಿಗ್ಲಿಲ್ಲ. ಆ ಸೀಸನ್ನನ್ನ ದಾಳ, ನೋಟ್‌ಬುಕ್, ಎಕ್ಸೆಲ್ ಇಟ್ಕೊಂಡು ಡೈನಿಂಗ್ ಟೇಬಲ್ ಮೇಲೆ ಮತ್ತೆ ಆಡಿಸ್ತಾ ಇದೀನಿ. ಊಟಕ್ಕೆ ನಾವೆಲ್ಲ ನೆಲದ ಮೇಲೆ ಕೂರ್ತಿದೀವಿ, ಅದು ಬೇರೆ ವಿಷ್ಯ.

ಶುರು ಮಾಡಿದ್ದು ಅಜ್ಜಿಯ ಚೌಕಾಬಾರದ ಕವಡೆಯಲ್ಲಿ. ಕೇಳೋಕೆ ಚೆನ್ನಾಗಿತ್ತು, ಆದ್ರೆ ನಾಲ್ಕು ಕವಡೆಗೆ ಬರೋದೇ ಐದು ಥರ ಫಲಿತಾಂಶ, ಅದ್ರಲ್ಲೂ ಎರಡು ಬಿದ್ದಿದ್ದೇ ಬಿದ್ದಿದ್ದು. ಪ್ರತಿ ಓಟನೂ ಮೂರು ಯಾರ್ಡ್‌ಗೆ ನಿಂತು ಹೋಗ್ತಿತ್ತು. ಈಗ ಎರಡು ದಾಳ, 36 ಸಾಧ್ಯತೆ, ಸಾಕಾಗತ್ತೆ.

ಎರಡನೇ ತಲೆನೋವು ರೂಲ್ಸು. ನಾನು ಟೀವೀಲಿ ನೋಡಿದ ಈಗಿನ ಆಟನೇ ತಲೇಲಿಟ್ಕೊಂಡು ಪಟ್ಟಿ ಮಾಡಿದ್ದೆ, ಆಗಿನ ಆಟನೇ ಬೇರೆ. ಗೋಲ್ ಪೋಸ್ಟ್ ಇದ್ದಿದ್ದು ಹಿಂದೆ ಅಲ್ಲ, ಗೋಲ್ ಲೈನ್ ಮೇಲೇ. ಪಾಸ್ ಎಸೀಬೇಕು ಅಂದ್ರೆ ಆಟ ಶುರುವಾಗೋ ಲೈನಿಂದ ಕನಿಷ್ಠ ಐದು ಯಾರ್ಡ್ ಹಿಂದೆ ಇರ್ಬೇಕಿತ್ತು. ಚೆಂಡು ಅಂಚಿನ ಗೆರೆ ಹತ್ರ ನಿಂತ್ರೆ ಮುಂದಿನ ಆಟ ಅಲ್ಲಿಂದ್ಲೇ, ಮಧ್ಯಕ್ಕೆ ತರೋ ಪದ್ಧತಿನೇ ಇಲ್ಲ, ಅಂದ್ರೆ ಒಂದಿಡೀ ಡೌನ್ (ಮುಂದೆ ಹೋಗೋಕೆ ಸಿಗೋ ನಾಲ್ಕು ಪ್ರಯತ್ನದಲ್ಲಿ ಒಂದು) ಬರೀ ಚೆಂಡನ್ನ ಒಳಕ್ಕೆ ತರೋಕೇ ವೇಸ್ಟ್. ಟೀಮಲ್ಲಿ ಹದಿನಾರೇ ಜನ, ದಾಳಿ ಮಾಡೋರೂ ತಡೆಯೋರೂ ಅವ್ರೇ. ಹಂಗಾಗಿ ಸುಸ್ತು ಅಂತ ಒಂದು ಕಾಲಮ್ ಸೇರಿಸ್ದೆ, ಆಮೇಲೇ ಸ್ಕೋರು ನಿಜದ ಹತ್ತಿರ ಬರೋಕೆ ಶುರುವಾಗಿದ್ದು. ಅದಕ್ಕೂ ಮುಂಚೆ ನನ್ನ ಎದುರಾಳಿಗಳು ಮ್ಯಾಚಿಗೆ ಹನ್ನೆರಡು ಪಾಯಿಂಟ್ ಹೊಡೀತಿದ್ರು, ನಿಜವಾದ ಮರೂನ್ಸ್ ಇಡೀ ಲೀಗ್ ಸೀಸನ್ನಲ್ಲಿ ಬಿಟ್ಕೊಟ್ಟಿದ್ದೇ 45. ಹೊಡೆದಿದ್ದು 270. ಏಳು ಮ್ಯಾಚಲ್ಲಿ ಎದುರಿನವ್ರಿಗೆ ಸೊನ್ನೆ.

ಆಟಗಾರರ ಕಾರ್ಡ್ ಬರೆಯೋವಾಗ ಟೋನಿ ಲಟೋನ್ ಹತ್ರ ನಿಂತ್ಬಿಟ್ಟೆ. ಚಿಕ್ಕ ಹುಡುಗ ಇದ್ದಾಗ್ಲೇ ಗಣೀಲಿ ದುಡಿದವನು, ಕಾಲೇಜ್ ಮೆಟ್ಟಿಲು ಹತ್ತಿಲ್ಲ, ಪಕ್ಕದಲ್ಲಿ ಆಡ್ತಿದ್ದೋರು ಬಹಳಷ್ಟು ಜನ ಕಾಲೇಜ್ ಸ್ಟಾರ್‌ಗಳು. ಅವನಿಗೆ ಓಟದಲ್ಲಿ ಪ್ಲಸ್ ಎರಡು ಕೊಟ್ಟಿದೀನಿ, ಮಗಳು ಮೋಸ ಅಂತಾಳೆ, ಇರ್ಲಿ. ಟೀಮ್ ಹೆಸರಿನ ಕಥೆನೂ ಮಜವಾಗಿದೆ, ಜರ್ಸಿ ಆರ್ಡರ್ ಕೊಡೋವಾಗ ಬಣ್ಣ ಯಾವ್ದಾದ್ರೂ ಪರವಾಗಿಲ್ಲ ಅಂದ್ರಂತೆ, ಬಂದಿದ್ದು ಮರೂನ್, ಅದೇ ಹೆಸರಾಯ್ತು ಅಂತ ಹೇಳ್ತಾರೆ.

ಈಗ ಅಸಲಿ ವಿಷ್ಯ. ಹೋದ ವಾರ ಎರಡು ರಾತ್ರಿ ಎಕ್ಸೆಲ್ ಜೊತೆ ಗುದ್ದಾಡ್ದೆ. ಪಾಯಿಂಟ್ಸ್ ಟೇಬಲ್‌ಗೆ ನಿಜವಾದ ಫಲಿತಾಂಶ ತುಂಬಿ ನೋಡಿದ್ರೆ ಪಾಟ್ಸ್‌ವಿಲ್ಲೇ ಮೇಲೆ ನಿಲ್ತಿದೆ, ಆ ವರ್ಷ ಪಟ್ಟ ಸಿಕ್ಕ ಶಿಕಾಗೋ ಕಾರ್ಡಿನಲ್ಸ್ ಕೆಳಗೆ. ದಾಖಲೇಲಿ ಉಲ್ಟಾ. ಫಾರ್ಮುಲಾ ತಪ್ಪು ಅಂತ ಸಾಲು ಸಾಲು ಚೆಕ್ ಮಾಡ್ದೆ, ಬ್ರಾಕೆಟ್ ಎಣಿಸ್ದೆ, ಒಂದು ಸಲ ಫೈಲೇ ಅಳಿಸಿ ಹೊಸದಾಗಿ ಟೈಪ್ ಮಾಡ್ದೆ. "ರೀ, ಆಫೀಸ್ ಕೆಲ್ಸಕ್ಕೂ ಇಷ್ಟು ಒದ್ದಾಡಲ್ವಲ್ಲ ನೀವು" ಅಂತ ಮನೆಯವಳು ಹೇಳಿ ಮಲ್ಕೊಂಡ್ಲು. ಬೆಳಗಿನ ಜಾವ ಹೊಳೀತು, ತಪ್ಪು ಡ್ರಾದಲ್ಲಿದೆ. ನಾನು ಈಗಿನ ಥರ ಡ್ರಾಗೆ ಅರ್ಧ ಗೆಲುವು ಅಂತ ಲೆಕ್ಕ ಹಾಕಿದ್ದೆ, ಅದು ಬಂದಿದ್ದು 1972ರಲ್ಲಿ. 1925ರಲ್ಲಿ ಗೆಲುವಿನ ಸರಾಸರಿ ಯಾರದ್ದು ಜಾಸ್ತಿಯೋ ಅವ್ರೇ ಮೇಲೆ, ಡ್ರಾ ಆದ ಮ್ಯಾಚ್ ಲೆಕ್ಕಕ್ಕೇ ಇಲ್ಲ.

ಕಾರ್ಡಿನಲ್ಸ್ 11 ಗೆಲುವು, 2 ಸೋಲು, 1 ಡ್ರಾ. ಹಳೇ ಲೆಕ್ಕದಲ್ಲಿ 13ಕ್ಕೆ 11, ಅಂದ್ರೆ .846. ಪಾಟ್ಸ್‌ವಿಲ್ 12ಕ್ಕೆ 10, .833. ಅದೇ ಡ್ರಾಗೆ ಅರ್ಧ ಕೊಟ್ರೆ ಕಾರ್ಡಿನಲ್ಸ್ 14ಕ್ಕೆ ಹನ್ನೊಂದೂವರೆ, .821ಕ್ಕೆ ಇಳಿಯತ್ತೆ. ಆ ಒಂದು ಡ್ರಾ ಯಾವ್ದು ಗೊತ್ತಾ, ಶಿಕಾಗೋ ಬೇರ್ಸ್ ಪರ ಆಗಿನ ದೊಡ್ಡ ಕಾಲೇಜ್ ಸ್ಟಾರ್ ರೆಡ್ ಗ್ರೇಂಜ್ ಮೊದಲನೇ ಸಲ ಇಳಿದ ಥ್ಯಾಂಕ್ಸ್‌ಗಿವಿಂಗ್ ಮ್ಯಾಚು, 0-0.

ಇಷ್ಟೇ ಆಗಿದ್ರೆ ಸುಮ್ನಿರ್ತಿದ್ದೆ. ಡಿಸೆಂಬರ್ 6ಕ್ಕೆ ಶಿಕಾಗೋಗೇ ಹೋಗಿ ಮರೂನ್ಸ್ 21-7 ಗೆದ್ದಿದ್ರು, ಆವತ್ತಿಗೆ ಯಾವ ಲೆಕ್ಕದಲ್ಲಿ ನೋಡಿದ್ರೂ ಅವ್ರೇ ಮೇಲೆ. ಕಾರ್ಡಿನಲ್ಸ್ ಅವಸರದಲ್ಲಿ ಇನ್ನೆರಡು ಮ್ಯಾಚ್ ಇಟ್ಕೊಂಡು ಗೆದ್ರು, ಅದ್ರಲ್ಲಿ ಒಂದ್ರಲ್ಲಿ ಎದುರಾಳಿ ಮಿಲ್ವಾಕೀ ಟೀಮ್ ಕಡೆ ನಾಲ್ಕು ಜನ ಹೈಸ್ಕೂಲ್ ಹುಡುಗ್ರು ಆಡಿದ್ರು! ಆ ಸಾಲನ್ನ ಶೀಟಲ್ಲಿ ಕೆಂಪು ಮಾಡಿಟ್ಟಿದೀನಿ. ಇತ್ತ ಮರೂನ್ಸ್ ಡಿಸೆಂಬರ್ 12ಕ್ಕೆ ಫಿಲಡೆಲ್ಫಿಯಾದಲ್ಲಿ ನೋಟ್ರ ಡೇಮ್ ಯೂನಿವರ್ಸಿಟಿಯ ಮಾಜಿ ಆಟಗಾರರ ಆಲ್‌ಸ್ಟಾರ್ಸ್ ಜೊತೆ ಒಂದು ಪ್ರದರ್ಶನ ಪಂದ್ಯ ಆಡಿ, ಚಾರ್ಲಿ ಬೆರ್ರಿಯ ಫೀಲ್ಡ್ ಗೋಲ್‌ನಿಂದ (ಚೆಂಡನ್ನ ಗೋಲ್ ಪೋಸ್ಟ್ ನಡುವೆ ಒದ್ರೆ ಮೂರು ಪಾಯಿಂಟ್) 9-7 ಗೆದ್ರು. ಆದ್ರೆ ಲೀಗ್ ಲೆಕ್ಕದಲ್ಲಿ ಆ ಊರು ಫ್ರಾಂಕ್‌ಫರ್ಡ್ ಯೆಲ್ಲೋ ಜಾಕೆಟ್ಸ್ ಟೀಮ್‌ಗೆ ಸೇರಿದ ಜಾಗ, ಅವ್ರು ದೂರು ಕೊಟ್ರು, ಲೀಗ್ ಅಧ್ಯಕ್ಷ ಜೋ ಕಾರ್ ಪಾಟ್ಸ್‌ವಿಲ್‌ನ ಅಮಾನತು ಮಾಡಿದ್ರು, ಪಟ್ಟ ಕಾರ್ಡಿನಲ್ಸ್ ಕಡೆ ಹೋಯ್ತು. ಬೇರೆಯವ್ರ ಜಾಗದಲ್ಲಿ ಆಡಿದ್ದು ತಪ್ಪು ಅಂತ್ಲೇ ಇಟ್ಕೊಳ್ಳೋಣ, ಅದಕ್ಕೆ ದಂಡ ಹಾಕಿ ಸುಮ್ನಾಗ್ಬಹುದಿತ್ತಪ್ಪ. ಕಾರ್ಡಿನಲ್ಸ್ ಮಾಲೀಕ ಕ್ರಿಸ್ ಒಬ್ರಯನ್ನೇ ಆಗ ಆ ಪಟ್ಟ ಬೇಡ ಅಂದಿದ್ದ. 2003ರಲ್ಲಿ ಮತ್ತೆ ವಿಷ್ಯ ಎತ್ತಿದಾಗ ಎನ್‌ಎಫ್‌ಎಲ್ ಟೀಮ್‌ಗಳ ಆಗಿನ ಮಾಲೀಕರು 30-2 ವೋಟಲ್ಲಿ ಬೇಡ ಅಂದ್ರು, ಪರವಾಗಿ ನಿಂತಿದ್ದು ಪೆನ್ಸಿಲ್ವೇನಿಯಾದ ಎರಡೇ ಟೀಮು.

ಹಂಗಾಗಿ ಶೀಟಲ್ಲಿ ಈಗ ಎರಡು ಕಾಲಮ್, ಹಳೇ ಲೆಕ್ಕ ಒಂದು, ಹೊಸ ಲೆಕ್ಕ ಒಂದು. ಒಂದನ್ನ ಅಳಿಸೋಕೆ ಮನಸ್ಸು ಬರ್ತಿಲ್ಲ.

ನನ್ನ ರಿಪ್ಲೇಲಿ ಹತ್ತು ಮ್ಯಾಚಿಗೆ ಏಳು ಗೆಲುವು, ಮೂರು ಸೋಲು, ನಿಜದ್ದಕ್ಕಿಂತ ಒಂದು ಸೋಲು ಜಾಸ್ತಿ. ಮೊದಲನೇದು ಬಫಲೋ ಮೇಲೆ ನಿಜಕ್ಕೆ 28-0, ನನಗೆ 20-0. ಈಗ ಟೇಬಲ್ ಮೇಲಿರೋದು ಹನ್ನೊಂದನೇದು, ಫ್ರಾಂಕ್‌ಫರ್ಡ್ ಜೊತೆ ಎರಡನೇ ಮುಖಾಮುಖಿ. ಫಿಲಡೆಲ್ಫಿಯಾದಲ್ಲಿ ಭಾನುವಾರ ಆಟಕ್ಕೆ ಕಾನೂನಿನ ತಡೆ ಇತ್ತು, ಅದಕ್ಕೇ ಮೊದಲನೇದನ್ನ ಶನಿವಾರ ಅವ್ರ ಊರಲ್ಲಿ ಆಡಿ ಮರೂನ್ಸ್ 0-20 ಸೋತಿದ್ರು. ಎರಡು ವಾರ ಬಿಟ್ಟು ಭಾನುವಾರ ತಮ್ಮ ಮೈನರ್ಸ್‌ವಿಲ್ ಪಾರ್ಕಿಗೆ ಕರೆಸ್ಕೊಂಡು 49-0 ಚಚ್ಚಿದ್ರು. ದಾಳದಲ್ಲಿ 49 ಬರ್ಸೋದು ಹೆಂಗಪ್ಪ? ಫ್ರಾಂಕ್‌ಫರ್ಡ್ ಕಡೆ ಮಗಳು ಕೂತಿದಾಳೆ, ಅರ್ಧ ಆಟಕ್ಕೆ 10-7, ಮುಂದಿರೋದು ಅವಳು. ಲಟೋನ್ ಕಾರ್ಡಿನ ಪ್ಲಸ್ ಎರಡನ್ನ ಪೆನ್ಸಿಲ್ಲಲ್ಲಿ ಪ್ಲಸ್ ಒಂದು ಮಾಡಿಟ್ಟಿದಾಳೆ, ನಾನು ನೋಡ್ಲಿಲ್ಲ ಅನ್ಕೊಂಡು. ರಬ್ಬರ್ ಎಲ್ಲಿಟ್ಟಿದಾಳೋ ಹುಡುಕ್ತಾ ಇದೀನಿ.