ಯಾವ ದುಡ್ಡು, ಮೇಷ್ಟ್ರೇ?

ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕ. ಈ ಹುದ್ದೆಯ ಜೊತೆಗೇ ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಕಾರ್ಯದರ್ಶಿಯ ಕೆಲಸವೂ ಬರುತ್ತದೆ. ಆಗಸ್ಟ್ 15ಕ್ಕೆ ಧ್ವಜಾರೋಹಣ ಮುಗಿದ ಮೇಲೆ ಸಮಿತಿಯ ಕಡೆಯಿಂದ ಪ್ರತಿಭಾ ಪುರಸ್ಕಾರ ಇರುತ್ತದೆ. ಹಾರ, ಶಾಲು, ಫಲಕ, ಫೋಟೊ. ವರ್ಷಗಟ್ಟಲೆ ಹಾಗೇ ನಡೆಸಿಕೊಂಡು ಬಂದಿದ್ದೆ.

ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ 8ನೇ ತರಗತಿ ಮುಗಿಸಿ ಪಕ್ಕದ ಊರಿನ ಹೈಸ್ಕೂಲಿಗೆ ಸೇರಿದ್ದ ಹುಡುಗಿಯೊಬ್ಬಳು ಎನ್‌ಎಂಎಂಎಸ್ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿದ್ದಳು. ನಮ್ಮ ಶಾಲೆಗೆ ಅದೇ ಮೊದಲು. ಅವಳನ್ನೂ ಅವಳ ಅಮ್ಮನನ್ನೂ ಕರೆಸಿದೆವು. "ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾಗಿ ಶಾಲೆಗೆ ಕೀರ್ತಿ ತಂದ ವಿದ್ಯಾರ್ಥಿನಿ" ಅಂತ ಮೈಕಿನಲ್ಲಿ ಹೇಳಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು.

ಎರಡು ತಿಂಗಳಾದ ಮೇಲೆ ಆ ಅಮ್ಮ ಸಂತೆಯಲ್ಲಿ ಸಿಕ್ಕರು. "ದುಡ್ಡಿಗೆ ಅರ್ಜಿ ಹಾಕಿದ್ರಾ ಅಮ್ಮ?" ಅಂದೆ.

"ಯಾವ ದುಡ್ಡು, ಮೇಷ್ಟ್ರೇ? ಪ್ರತಿಭಾ ಕಾರಂಜಿಲಿ ಕುಣಿದಿದ್ಲಲ್ಲ, ಅದಕ್ಕೆ ಆ ಫಲಕ ಕೊಟ್ರಿ ಅಂದ್ಕೊಂಡಿದ್ದೆ."

ನನಗೆ ಮಾತೇ ಹೊರಡಲಿಲ್ಲ. ಎನ್‌ಎಂಎಂಎಸ್ ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. 8ನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರಿಗೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಆದರೆ ಆಯ್ಕೆಯಾದ ಮಾತ್ರಕ್ಕೆ ದುಡ್ಡು ತಾನಾಗಿ ಬರುವುದಿಲ್ಲ. 9ಕ್ಕೆ ಸೇರಿದ ಮೇಲೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಆ ಹೈಸ್ಕೂಲಿನವರು ಅದನ್ನು ಪರಿಶೀಲಿಸಬೇಕು, ಮುಂದೆ ಪ್ರತಿ ವರ್ಷ ನವೀಕರಿಸಬೇಕು. ಪರೀಕ್ಷೆ ಬರೆಸಿದ ಶಾಲೆ ಒಂದು, ಅರ್ಜಿ ಹೋಗಬೇಕಾದ ಶಾಲೆ ಇನ್ನೊಂದು. ಮಗು ಜಾರಿ ಹೋಗುವುದು ಇದರ ನಡುವೆಯೇ. ಪಾಸಾಗಿದ್ದೇನೆ ಅಂತ ಹುಡುಗಿಗೆ ಗೊತ್ತಿತ್ತು, ಮುಂದೇನು ಅಂತ ಗೊತ್ತಿರಲಿಲ್ಲ. ಹೇಳಬೇಕಾಗಿದ್ದವನು ನಾನು. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಾಗ ನಾನು ಕೀರ್ತಿ ಅಂದೆ, ಖಾತೆ ಅನ್ನಲಿಲ್ಲ. ಕೊನೆಯ ದಿನಾಂಕಕ್ಕೆ ಇನ್ನೂ ಕೆಲವು ದಿನ ಇತ್ತು, ಓಡಾಡಿ ಬ್ಯಾಂಕ್ ಖಾತೆ ಮಾಡಿಸಿ, ಆಧಾರ್ ಜೋಡಿಸಿ, ಅರ್ಜಿ ಹಾಕಿಸಿದೆವು.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಇದ್ದ ಹಾಗೇ ಹೇಳಿದೆ. ಈ ಸಮಿತಿಗಳು 2001ರಲ್ಲಿ ಶುರುವಾಗಿದ್ದೇ ಶಾಲೆ ಪೋಷಕರ ಕೈಯಲ್ಲೂ ಇರಲಿ ಅಂತ. ಆದರೆ ನಮ್ಮಲ್ಲಿ ಪುರಸ್ಕಾರದ ಪಟ್ಟಿ ಮಾಡುತ್ತಿದ್ದುದು ನಾನು, ಓದುತ್ತಿದ್ದುದೂ ನಾನೇ. ಸದಸ್ಯೆಯೊಬ್ಬರು "ನಮಗೆ ಅರ್ಥ ಆಗೋ ಹಾಗೆ ಹೇಳಿಕೊಡಿ, ಮೈಕಲ್ಲಿ ನಾವೇ ಹೇಳ್ತೀವಿ" ಅಂದರು. ಈಗ ಹಾಗೇ ಮಾಡುತ್ತೇವೆ. ಹಿಂದಿನ ದಿನ ಕೂತು ಒಂದೊಂದು ಹೆಸರಿಗೂ ಈ ಮಗು ಏನು ಮಾಡಿತು, ಇದರಿಂದ ಏನು ಸಿಗುತ್ತದೆ, ಮನೆಯವರು ಇನ್ನೇನು ಮಾಡಬೇಕು ಅಂತ ಮಾತಾಡಿಕೊಳ್ಳುತ್ತೇವೆ. ಮೈಕಿನಲ್ಲಿ ಪೋಷಕರೇ ಬಿಡಿಸಿ ಹೇಳಲಾಗದ ಸಾಲನ್ನು ಪಟ್ಟಿಯಿಂದ ತೆಗೆಯುತ್ತೇವೆ.

ಶಿಕ್ಷಕರ ಸನ್ಮಾನದಲ್ಲೂ ಇದನ್ನೇ ಮಾಡಿದೆವು. ನಮ್ಮ ನಲಿಕಲಿ ಮೇಡಂಗೆ ಹಿಂದೆ "ಉತ್ತಮ ಶಿಕ್ಷಕಿ" ಅಂತ ಶಾಲು ಹೊದಿಸಿದ್ದೆವು, ಅಷ್ಟೇ. ನಲಿಕಲಿ ಕೊಠಡಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಒಬ್ಬೊಬ್ಬರೂ ಕಲಿಕಾ ಏಣಿಯ, ಅಂದರೆ ಹಂತ ಹಂತವಾಗಿ ಜೋಡಿಸಿದ ಪಾಠಗಳ, ಒಂದೊಂದು ಮೆಟ್ಟಿಲಲ್ಲಿ ಇರುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಬರೀ ಗಲಾಟೆ ಅನಿಸುತ್ತದೆ. ಈ ಸಲ ಅಧ್ಯಕ್ಷರು ಮೈಕ್ ಹಿಡಿದು, ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಐದು ತಿಂಗಳು ಬಿಟ್ಟು ಬಂದ ಇಬ್ಬರು ಮಕ್ಕಳನ್ನು ಮೇಡಂ ಮೊದಲಿಂದ ಶುರು ಮಾಡಿಸದೆ, ಅವರು ನಿಲ್ಲಿಸಿ ಹೋಗಿದ್ದ ಮೆಟ್ಟಿಲಿನಿಂದಲೇ ಹತ್ತಿಸಿದ್ದನ್ನು, ಆ ಮಕ್ಕಳು ಈಗ ಪಾಠ ಓದುವುದನ್ನು ಬಿಡಿಸಿ ಹೇಳಿದರು. ಮರುದಿನ ಬೆಳಿಗ್ಗೆ ಮೂವರು ಅಪ್ಪಂದಿರು ಕೊಠಡಿಯ ಬಾಗಿಲಲ್ಲಿ ನಿಂತಿದ್ದರು, "ನಮ್ಮ ಹುಡುಗ ಎಷ್ಟನೇ ಮೆಟ್ಟಿಲಲ್ಲಿದ್ದಾನೆ ಮೇಡಂ?" ಅಂತ ಕೇಳಿಕೊಂಡು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಆ ಹುಡುಗಿಯ ತಮ್ಮ ಈಗ ನಮ್ಮಲ್ಲಿ 7ನೇ ತರಗತಿ. ಮೊನ್ನೆ ಅವರಮ್ಮ ಬಂದು, "ಇವನೂ ಬರೀಬೇಕಲ್ವಾ ಮೇಷ್ಟ್ರೇ, 7ನೇದ್ರಲ್ಲಿ 55 ಪರ್ಸೆಂಟ್ ಬೇಕಂತೆ, ಗಣಿತ ಹೇಗಿದೆ?" ಅಂತ ಕೇಳಿದರು. ಖಾತೆ ಆಗಲೇ ಮಾಡಿಸಿದ್ದಾರೆ.